ಅರವತ್ತೈದರಲ್ಲಿ ಮತ್ತೆ ಏರಿದ ದನಿ

ಪಾಂಡವಪುರ: ಶ್ರೀರಂಗಪಟ್ಟಣದಿಂದ ಹೊರಟು, ಪಾಂಡವಪುರದ ಸೀಮೆಯನ್ನು ಹಾದು, ಕೃಷ್ಣರಾಜಪೇಟೆಯನ್ನು ದಾಟಿ ಉತ್ತರಕ್ಕೆ ಸಾಗುವ ಹಾದಿಯಲ್ಲಿ ಕಿಕ್ಕೇರಿ ಎಂಬ ಊರು ಸಿಗುತ್ತದೆ. ಇನ್ನಷ್ಟು ಮುಂದೆ ಹೋದರೆ ಮಂಡ್ಯ ಜಿಲ್ಲೆಯ ಗಡಿ ಮುಗಿದು ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ಎದುರಾಗುತ್ತದೆ. ಒಂದೇ ಹಾದಿಯ ಈ ಎರಡು ಊರುಗಳು ಕನ್ನಡದ ಹಾಡಿನ ಚರಿತ್ರೆಯಲ್ಲಿ ಒಂದನ್ನೊಂದು ಬಿಟ್ಟಿರಲಾರವು. ಕಿಕ್ಕೇರಿ ನಾಡಿಗೆ ಕೆ.ಎಸ್. ನರಸಿಂಹಸ್ವಾಮಿಯವರನ್ನು ಕೊಟ್ಟಿತು. ಚನ್ನರಾಯಪಟ್ಟಣ ಆ ಕವಿಯ ಪದ್ಯಗಳನ್ನು ಓದು ಬಾರದವರ ಮನೆಗೂ ಮುಟ್ಟಿಸಿದ ಸಿ. ಅಶ್ವತ್ಥ್ ಅವರನ್ನು ಕೊಟ್ಟಿತು.

ಈ ಸೀಮೆಗೆ ಕವಿಗಳ ಬರ ಎಂದೂ ಇರಲಿಲ್ಲ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆ ಪು.ತಿ. ನರಸಿಂಹಾಚಾರ್ಯರ ಊರು, ಗೇಯನಾಟಕಗಳನ್ನು ಬರೆದ ಅವರ ಕಾವ್ಯ ಸಂಗೀತದ ಒಡನಾಡಿ. ನಾಗಮಂಗಲ ತಾಲ್ಲೂಕಿನ ಬೆಳ್ಳೂರು, ಹೊಸಗನ್ನಡ ಕಾವ್ಯಕ್ಕೆ ದಾರಿ ತೋರಿದ ಬಿ.ಎಂ. ಶ್ರೀಕಂಠಯ್ಯನವರ ಮನೆತನದ ಊರು. ಆದರೆ ಕವಿತೆ ಪುಸ್ತಕದಲ್ಲಿ ಉಳಿಯುವುದು ಬೇರೆ, ಹೊಲದ ಬದುವಿನಲ್ಲಿ, ಬಸ್ಸಿನ ಕಿಟಕಿಯ ಪಕ್ಕದಲ್ಲಿ ಗುನುಗಾಗುವುದು ಬೇರೆ. ಆ ಎರಡರ ನಡುವಿನ ದೂರವನ್ನು ಕಡಿಮೆ ಮಾಡುವುದೇ ಅಶ್ವತ್ಥ್ ಅವರ ಬದುಕಿನ ಕೆಲಸವಾಯಿತು. ಆ ಕೆಲಸ ಮುಗಿಯಿತೆಂದು ಹಲವರು ಭಾವಿಸಿದ್ದ ಹೊತ್ತಿನಲ್ಲಿ, ಅರವತ್ತೈದರ ವಯಸ್ಸಿನಲ್ಲಿ, ಅವರು ಅದನ್ನು ಹೊಸದಾಗಿ ಆರಂಭಿಸಿದರು ಎಂಬುದು ಈ ಕಥೆಯ ತಿರುಳು.

ಕಾರ್ಖಾನೆಯ ಹಗಲು, ರಂಗದ ಸಂಜೆ

ಅಶ್ವತ್ಥ್ ಹುಟ್ಟಿದ್ದು 1939ರ ಡಿಸೆಂಬರ್ 29ರಂದು. ಮಂಡ್ಯ ಪ್ರತ್ಯೇಕ ಜಿಲ್ಲೆಯಾಗಿ ರೂಪುಗೊಂಡದ್ದೂ ಅದೇ ವರ್ಷ. ಓದು ಅವರನ್ನು ಬೆಂಗಳೂರಿಗೆ ಕರೆತಂದಿತು. ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ವಿಜ್ಞಾನ ಪದವಿ ಪಡೆದ ಅವರು ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆಯಲ್ಲಿ ಉದ್ಯೋಗಕ್ಕೆ ಸೇರಿದರು. ಜನರ ಬಾಯಲ್ಲಿ ಐಟಿಐ ಎಂದೇ ಹೆಸರಾದ ಆ ಸಂಸ್ಥೆ ಸ್ವಾತಂತ್ರ್ಯದ ಬೆನ್ನಿಗೇ ದೇಶಕ್ಕೆ ದೂರವಾಣಿ ಯಂತ್ರಗಳನ್ನು ತಯಾರಿಸಿಕೊಡಲು ಹುಟ್ಟಿದ್ದು. ಅಲ್ಲಿ ಅವರು 27 ವರ್ಷ ದುಡಿದರು. ಎಂದರೆ, ಕನ್ನಡಿಗರು ಅವರ ಹೆಸರನ್ನು ಬಲ್ಲ ಬಹುಕಾಲ ಅವರು ಹಗಲಿನಲ್ಲಿ ನೌಕರರೇ ಆಗಿದ್ದರು. ಹಾಡು ಸಂಜೆಯ ಹಾಗೂ ರಜೆಯ ದಿನಗಳ ಪಾಲಾಗಿತ್ತು.

ದೇವಗಿರಿ ಶಂಕರರಾವ್ ಜೋಶಿಯವರಲ್ಲಿ ಅವರು ಹಿಂದೂಸ್ತಾನಿ ಸಂಗೀತದ ಪಾಠ ಹೇಳಿಸಿಕೊಂಡರು. ಹಳೇ ಮೈಸೂರಿನ ಹುಡುಗನೊಬ್ಬ ಕರ್ನಾಟಕ ಸಂಗೀತದ ಬದಲು ಉತ್ತರಾದಿ ಸಂಗೀತಕ್ಕೆ ಒಲಿದದ್ದು ಮುಂದೆ ಬಹಳ ಕೆಲಸಕ್ಕೆ ಬಂತು. ಧಾರವಾಡದ ಕಡೆಯ ಪದಗಳಿಗೆ ದನಿ ಕೊಡುವಾಗ ಆ ಕಡೆಯ ಸ್ವರ ಅವರಿಗೆ ಪರಕೀಯವಾಗಿರಲಿಲ್ಲ.

ಆದರೆ ಅವರನ್ನು ರೂಪಿಸಿದ ನಿಜವಾದ ಪಾಠಶಾಲೆ ರಂಗಭೂಮಿ. 1970ರ ದಶಕದ ಬೆಂಗಳೂರಿನ ಹವ್ಯಾಸಿ ನಾಟಕ ತಂಡಗಳು ಹಾಡನ್ನು ಅಲಂಕಾರವಾಗಿ ಅಲ್ಲ, ಕಥೆಯ ಅಂಗವಾಗಿ ಬಯಸುತ್ತಿದ್ದವು. ನಾಟಕದ ಹಾಡಿಗೆ ಒಂದು ಕಟ್ಟುನಿಟ್ಟು ಇದೆ. ಮೊದಲ ಸಲಕ್ಕೇ ಮಾತು ಕೇಳಿಸಬೇಕು. ಕೊನೆಯ ಸಾಲಿನಲ್ಲಿ ಕುಳಿತವನಿಗೂ ಅರ್ಥವಾಗಬೇಕು. ಸ್ವರ ಎಷ್ಟೇ ಸೊಗಸಾಗಿದ್ದರೂ ಪದ ನುಂಗಿಹೋದರೆ ಆ ಹಾಡು ಸೋತಂತೆಯೇ. ಅಶ್ವತ್ಥ್ ಈ ನಿಯಮವನ್ನು ಕೊನೆಯವರೆಗೂ ಬಿಡಲಿಲ್ಲ.

ಮಾಸ್ತಿಯವರ 'ಕಾಕನ ಕೋಟೆ' ನಾಟಕವನ್ನು ಸಿ.ಆರ್. ಸಿಂಹ 1977ರಲ್ಲಿ ತೆರೆಗೆ ತಂದಾಗ ಸಂಗೀತದ ಹೊಣೆ ಅಶ್ವತ್ಥ್ ಅವರ ಪಾಲಿಗೆ ಬಂತು. ಮೈಸೂರು ಅರಸರ ಕಾಲದ ಕಾಡುಕುರುಬರ ಬದುಕಿನ ಕಥೆ ಅದು. ಕಾಡಿನ ಜನರ ಕುಣಿತದ ಲಯವನ್ನೂ ಒಟ್ಟು ಕೊರಳಿನ ಹಾಡನ್ನೂ ಸಿನಿಮಾಕ್ಕೆ ಒಗ್ಗಿಸಿಕೊಂಡ ಆ ಪ್ರಯತ್ನ ಗಮನ ಸೆಳೆಯಿತು. ಚಿತ್ರಗೀತೆಯೆಂದರೆ ಮಧುರವಾದ ಒಂಟಿ ಕಂಠ ಅಥವಾ ಯುಗಳಗೀತೆ ಎಂಬ ರೂಢಿಯ ನಡುವೆ, ಊರಿಗೆ ಊರೇ ಕೂಡಿ ಹಾಡಿದಂತಹ ಆ ದನಿ ಹೊಸದಾಗಿತ್ತು.

ಜೋಡಿ ಹೆಸರಿನ ವರ್ಷಗಳು

ಅಲ್ಲಿಂದ ಮುಂದೆ ಎಲ್. ವೈದ್ಯನಾಥನ್ ಅವರೊಡನೆ ಸೇರಿ ಅಶ್ವತ್ಥ್-ವೈದಿ ಎಂಬ ಹೆಸರಿನಲ್ಲಿ ಅವರು ಚಿತ್ರಗಳಿಗೆ ಸಂಗೀತ ನೀಡಿದರು. ವೈದ್ಯನಾಥನ್ ಪ್ರಸಿದ್ಧ ಪಿಟೀಲು ಮನೆತನದವರು; ಶಂಕರ್‌ನಾಗ್ ಅವರ 'ಮಾಲ್ಗುಡಿ ಡೇಸ್' ಧಾರಾವಾಹಿಯ ಸಂಗೀತದಿಂದ ಮುಂದೆ ದೇಶಕ್ಕೇ ಪರಿಚಿತರಾದವರು. ಒಬ್ಬರಿಗೆ ಪದದ ಹಿಡಿತ, ಇನ್ನೊಬ್ಬರಿಗೆ ವಾದ್ಯಮೇಳದ ಹಿಡಿತ. 'ನಾರದ ವಿಜಯ', 'ಅನುಪಮ', 'ಆಲೆಮನೆ' ಮೊದಲಾದ ಚಿತ್ರಗಳು ಈ ಜೋಡಿಯ ಕಾಲದವು. ಕಬ್ಬಿನ ಗದ್ದೆಗಳ ನಡುವೆ ಬೆಲ್ಲದ ಕೊಪ್ಪರಿಗೆ ಕುದಿಯುವ ಆಲೆಮನೆ ಎಂಬ ಪದ ಮಂಡ್ಯದ ಜನಕ್ಕೆ ವಿವರಿಸಬೇಕಾದದ್ದಲ್ಲ. 1981ರ ಆ ಚಿತ್ರದ ಹಾಡು ಈ ಭಾಗದ ಹಳ್ಳಿಗಳ ಮದುವೆ ಚಪ್ಪರಗಳಲ್ಲಿ ವರ್ಷಗಟ್ಟಲೆ ಕೇಳಿಬಂತು.

ಆದರೂ ಸಿನಿಮಾ ಅವರಿಗೆ ಪೂರ್ಣ ಮನೆಯಾಗಲಿಲ್ಲ. ಅಲ್ಲಿ ಸಾಮಾನ್ಯವಾಗಿ ರಾಗ ಮೊದಲು, ಮಾತು ಆಮೇಲೆ. ಹಾಕಿಟ್ಟ ಅಳತೆಗೆ ಪದಗಳನ್ನು ಕತ್ತರಿಸಿ ಹೊಂದಿಸುವುದು ಚಿತ್ರಸಾಹಿತಿಯ ಪಾಡು. ಅಶ್ವತ್ಥ್ ಅವರ ಒಲವು ಇದಕ್ಕೆ ತದ್ವಿರುದ್ಧವಾಗಿತ್ತು. ಕವಿ ಬರೆದಿಟ್ಟ ಪದ್ಯ ಮೊದಲು. ಅದರ ಉಸಿರು ಎಲ್ಲಿ ನಿಲ್ಲುತ್ತದೆ, ಯಾವ ಪದದ ಮೇಲೆ ಭಾರ ಬೀಳುತ್ತದೆ ಎಂಬುದನ್ನು ನೋಡಿಕೊಂಡು ರಾಗ ಆಮೇಲೆ. ಆ ಒಲವಿಗೆ ಸಿನಿಮಾಕ್ಕಿಂತ ಸುಗಮ ಸಂಗೀತವೇ ತಕ್ಕ ನೆಲವಾಗಿತ್ತು.

ಕ್ಯಾಸೆಟ್ಟು ತೆರೆದ ಬಾಗಿಲು

ಕನ್ನಡದಲ್ಲಿ ಕವಿಗಳ ಪದ್ಯಗಳನ್ನು ಸಭೆಯಲ್ಲಿ ಹಾಡುವ ರೂಢಿಗೆ ಭದ್ರವಾದ ಅಡಿಪಾಯ ಹಾಕಿದವರು ಪಿ. ಕಾಳಿಂಗರಾಯರು. ಮೈಸೂರು ಅನಂತಸ್ವಾಮಿಯವರು ಅದನ್ನು ನಯಗೊಳಿಸಿ ಮುಂದಕ್ಕೆ ಒಯ್ದರು. 1978ರಲ್ಲಿ ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳ 'ನಿತ್ಯೋತ್ಸವ' ಕ್ಯಾಸೆಟ್ಟು ಹೊರಬಂದು, ಕವಿತೆಗೂ ಮಾರುಕಟ್ಟೆ ಇದೆ ಎಂಬುದನ್ನು ತೋರಿಸಿಕೊಟ್ಟಿತು. ಆ ತೆರೆದ ಬಾಗಿಲಿನಿಂದ ಒಳಬಂದ ಅಶ್ವತ್ಥ್, ತಮ್ಮದೇ ಆದ ಬೇರೊಂದು ಕೋಣೆಯನ್ನು ಕಟ್ಟಿಕೊಂಡರು.

ಆ ಕೋಣೆಯ ನಡುಗಂಬ ಶಿಶುನಾಳ ಶರೀಫರು. 1819ರಿಂದ 1889ರವರೆಗೆ ಬಾಳಿದ ಈ ತತ್ವಪದಕಾರರ ಹಾಡುಗಳು ಉತ್ತರ ಕರ್ನಾಟಕದ ಭಜನಾ ಮೇಳಗಳಲ್ಲಿ, ಏಕತಾರಿ ಹಿಡಿದವರ ಕೊರಳಲ್ಲಿ ಒಂದು ಶತಮಾನ ಕಾಲ ಜೀವ ಹಿಡಿದುಕೊಂಡಿದ್ದವು. ತುಂಗಭದ್ರೆಯ ಈಚೆಗಿನ ನಗರವಾಸಿಗಳಿಗೆ ಅವುಗಳ ಪರಿಚಯ ಕಡಿಮೆ. ಕವಿ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರ ಒತ್ತಾಸೆಯಿಂದ ಆ ಪದಗಳು ಗಾಯಕರ ಕೈಗೆ ಬಂದವು. ಶಿವಮೊಗ್ಗ ಸುಬ್ಬಣ್ಣನವರೂ ಅವನ್ನು ಹಾಡಿ ಮನೆಮಾತಾಗಿಸಿದರು. ಅಶ್ವತ್ಥ್ ಅವರ ಕೈಯಲ್ಲಿ ಆ ಪದಗಳು ಬೇರೊಂದು ಬಗೆಯ ಕಸುವು ಪಡೆದವು.

ಅದಕ್ಕೆ ಕಾರಣ ಅವರ ಕಂಠ. ಅದು ಮಧುರ ಕಂಠವಲ್ಲ. ಚಿತ್ರಗೀತೆಗಳ ಮೆತ್ತನೆಯ ಹದ ಅದಕ್ಕಿರಲಿಲ್ಲ. ತುಸು ಒರಟು, ತುಸು ಬಿರುಸು; ತಾರಸ್ಥಾಯಿಗೆ ಏರುವಾಗ ಕೂಗಿನ ಅಂಚನ್ನು ಮುಟ್ಟಿ ಬರುವ ದನಿ. ಜಾತ್ರೆಯ ಗದ್ದಲದಲ್ಲೂ ಕೇಳಿಸುವ ಸೋಮನ ಕುಣಿತದವನ, ತಂಬೂರಿ ಪದದವನ ಕೊರಳಿಗೆ ಹತ್ತಿರದ್ದು. ಸಭಾಂಗಣದ ಸಂಗೀತಕ್ಕೆ ಇದು ದೋಷ ಎನಿಸಬಹುದಿತ್ತು. ಶರೀಫರ ಪದಗಳಿಗೆ ಮಾತ್ರ ಅದೇ ಗುಣವಾಯಿತು. ಗುರುವನ್ನು ಕೂಗಿ ಕರೆಯುವ, ಲೋಕದ ಹುಚ್ಚಾಟವನ್ನು ಕಂಡು ನಗುವ, ಸಾವಿನೆದುರು ನಿಂತು ಸವಾಲು ಹಾಕುವ ಹಾಡುಗಳಿಗೆ ನಯವಾದ ದನಿ ಸಾಲದು. ಹಳೇ ಮೈಸೂರಿನ ಜನ ಧಾರವಾಡದ ನುಡಿಯನ್ನು ತಮ್ಮದೇ ಎಂಬಂತೆ ಗುನುಗತೊಡಗಿದ್ದಕ್ಕೆ ಆ ಕ್ಯಾಸೆಟ್ಟುಗಳ ಪಾಲು ದೊಡ್ಡದು.

ಇದೇ ಕಂಠ ಕಿಕ್ಕೇರಿಯ ಕವಿಯ ಬಳಿಗೆ ಬಂದಾಗ ತಾನೇ ತಗ್ಗಿತು. 'ಮೈಸೂರ ಮಲ್ಲಿಗೆ' 1942ರ ಪುಸ್ತಕ. ಹೊಸದಾಗಿ ಮದುವೆಯಾದ ಗಂಡ, ತವರಿಗೆ ಹೋದ ಹೆಂಡತಿ, ಮಾವನ ಮನೆಯ ಉಪಚಾರ, ಬಳೆಗಾರನ ಬರವು — ಇವೇ ಅದರ ವಸ್ತು. ಮರುಮುದ್ರಣದ ಮೇಲೆ ಮರುಮುದ್ರಣ ಕಂಡಿದ್ದರೂ ಅದು ಓದುಬಲ್ಲವರ ಸ್ವತ್ತಾಗಿತ್ತು. ಅಶ್ವತ್ಥ್ ರಾಗ ಹಾಕಿದ ಮೇಲೆ ಆ ಪದ್ಯಗಳು ಅಕ್ಷರದ ಹಂಗು ತೊರೆದವು. ರತ್ನಮಾಲಾ ಪ್ರಕಾಶ್ ಅವರಂತಹ ಗಾಯಕಿಯರ ದನಿಯನ್ನು ಮುಂದಿಟ್ಟು, ತಾವು ಹಿಂದೆ ನಿಲ್ಲುವ ವಿವೇಕವನ್ನೂ ಅವರು ತೋರಿದರು.

ತೆರೆಯ ಮೇಲೆ ಕಾವ್ಯ

1990ರ ದಶಕದಲ್ಲಿ ಟಿ.ಎಸ್. ನಾಗಾಭರಣ ಅವರ ಚಿತ್ರಗಳು ಅಶ್ವತ್ಥ್ ಅವರಿಗೆ ತಮ್ಮ ಮನೋಧರ್ಮಕ್ಕೆ ಒಪ್ಪುವ ಸಿನಿಮಾ ದೊರಕಿಸಿಕೊಟ್ಟವು. 1990ರ 'ಸಂತ ಶಿಶುನಾಳ ಶರೀಫ' ರಾಷ್ಟ್ರೀಯ ಭಾವೈಕ್ಯಕ್ಕೆ ಮೀಸಲಾದ ರಾಷ್ಟ್ರ ಪ್ರಶಸ್ತಿ ಪಡೆಯಿತು. ಶರೀಫರಾಗಿ ಶ್ರೀಧರ್, ಗುರು ಗೋವಿಂದ ಭಟ್ಟರಾಗಿ ಗಿರೀಶ್ ಕಾರ್ನಾಡ್ ಕಾಣಿಸಿಕೊಂಡ ಆ ಚಿತ್ರದಲ್ಲಿ ಅಶ್ವತ್ಥ್ ಕಣ್ಣಿಗೆ ಕಾಣದ ಮತ್ತೊಂದು ಪಾತ್ರದಂತಿದ್ದರು.

ಅದರ ಬೆನ್ನಿಗೆ 'ಮೈಸೂರ ಮಲ್ಲಿಗೆ' ಬಂತು. ಒಂದು ಕವನ ಸಂಕಲನವನ್ನೇ ಚಿತ್ರಕಥೆಯ ಬೀಜವಾಗಿಸಿಕೊಂಡ ಪ್ರಯೋಗ ಅದು. ಐವತ್ತು ವರ್ಷ ಹಿಂದೆ ಬರೆದ ಪದ್ಯಗಳಿಗಾಗಿ ನರಸಿಂಹಸ್ವಾಮಿಯವರು ಎಪ್ಪತ್ತೈದು ದಾಟಿದ ವಯಸ್ಸಿನಲ್ಲಿ ಶ್ರೇಷ್ಠ ಗೀತರಚನೆಯ ರಾಷ್ಟ್ರ ಪ್ರಶಸ್ತಿ ಪಡೆದರು. ಕವಿಯ ಯೌವನವನ್ನು ಅವರ ಮುಪ್ಪಿನಲ್ಲಿ ಹೀಗೆ ಮರಳಿ ತಂದುಕೊಡುವುದರಲ್ಲಿ ಸಂಗೀತದ ಪಾಲಿತ್ತು. ತಮ್ಮ ಬದುಕಿನಲ್ಲೂ ಅಂಥದೊಂದು ಮರಳುವಿಕೆ ಕಾದಿದೆ ಎಂಬುದು ಅಶ್ವತ್ಥ್ ಅವರಿಗೆ ಆಗ ತಿಳಿದಿರಲಾರದು. 1993ರ 'ಚಿನ್ನಾರಿ ಮುತ್ತ' ಮಕ್ಕಳ ಬಾಯಿಗೆ ಹಾಡು ತಂದಿತು. 1997ರ 'ನಾಗಮಂಡಲ' ಉತ್ತರ ಕರ್ನಾಟಕದ ಜನಪದ ಧಾಟಿಯನ್ನು ರಾಜ್ಯದ ಉದ್ದಗಲಕ್ಕೆ ಒಯ್ದಿತು.

ಇಳಿಮುಖದ ಕಾಲ

ಆದರೆ ಅಷ್ಟರಲ್ಲಿ ಕಾಲ ಬದಲಾಗುತ್ತಿತ್ತು. ಮೈಸೂರು ಅನಂತಸ್ವಾಮಿಯವರು 1995ರಲ್ಲಿ ತೀರಿಕೊಂಡರು. ಭಾವಗೀತೆಯ ಬದುಕು ನಿಂತಿದ್ದದ್ದು ಕ್ಯಾಸೆಟ್ಟಿನ ಮೇಲೆ, ಸಿ.ಡಿ., ಅದರ ಬೆನ್ನಿಗೇ ನಕಲು ಎಂಪಿ3 ಬಂದು ಆ ವ್ಯಾಪಾರ ಕುಸಿಯಿತು. ನೂರು ಹಾಡುಗಳು ಒಂದೇ ತಟ್ಟೆಯಲ್ಲಿ ಬೀದಿ ಬದಿಯಲ್ಲಿ ಸಿಗುವಾಗ, ಹತ್ತು ಕವಿತೆಗಳ ಒಂದು ಸುರುಳಿಯನ್ನು ಕಾಸು ಕೊಟ್ಟು ಕೊಳ್ಳುವವರು ಕಡಿಮೆಯಾದರು. ಬೆಂಗಳೂರಿನಲ್ಲಿ ಹೊಸದಾಗಿ ಹುಟ್ಟಿದ ಖಾಸಗಿ ಎಫ್.ಎಂ. ಕೇಂದ್ರಗಳಲ್ಲಿ ಕವಿತೆಗೆ ಜಾಗವಿರಲಿಲ್ಲ. ಮಾಹಿತಿ ತಂತ್ರಜ್ಞಾನದಿಂದ ಉಬ್ಬುತ್ತಿದ್ದ ರಾಜಧಾನಿಯಲ್ಲಿ ಕನ್ನಡಕ್ಕೇ ಜಾಗ ಎಷ್ಟು ಎಂಬ ಆತಂಕ ಬೇರೆ.

2003ರ ಡಿಸೆಂಬರಿನಲ್ಲಿ ನರಸಿಂಹಸ್ವಾಮಿಯವರೂ ಅಗಲಿದರು. ಸುಗಮ ಸಂಗೀತ ಎಂದರೆ ನವೆಂಬರ್ ತಿಂಗಳ ರಾಜ್ಯೋತ್ಸವ ವೇದಿಕೆಗೆ, ಕಲಾಕ್ಷೇತ್ರದ ಕೆಲವು ನೂರು ಕುರ್ಚಿಗಳಿಗೆ ಸೀಮಿತವಾದ ಹಳೆಯ ಹವ್ಯಾಸ ಎಂಬ ಭಾವನೆ ಬೇರೂರತೊಡಗಿತು. ಅಶ್ವತ್ಥ್ ಆಗ ಅರವತ್ತನ್ನು ದಾಟಿದ್ದರು. ಸನ್ಮಾನದ ಶಾಲು ಹೊದ್ದು, ಹಿರಿಯರ ಸಾಲಿನಲ್ಲಿ ಕುಳಿತುಕೊಳ್ಳುವ ವಯಸ್ಸು ಅದು.

ಅರಮನೆ ಮೈದಾನದ ಒಂದು ಸಂಜೆ

ಅವರು ಆಯ್ದುಕೊಂಡದ್ದು ಬೇರೆ ದಾರಿ. 2005ರ ಏಪ್ರಿಲಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ 'ಕನ್ನಡವೇ ಸತ್ಯ' ಎಂಬ ಹೆಸರಿನ ಸಂಗೀತ ಕಾರ್ಯಕ್ರಮ ನಡೆಯಿತು. ಹೆಸರು ಕುವೆಂಪು ಅವರ ಕವಿತೆಯಿಂದ ಬಂದದ್ದು. ದೊಡ್ಡ ವಾದ್ಯಮೇಳ, ದೊಡ್ಡ ಗಾಯಕವೃಂದ, ಬಯಲು ವೇದಿಕೆ. ಹಿಂದಿ ಚಿತ್ರತಾರೆಯರಿಗೂ ಪಾಶ್ಚಾತ್ಯ ರಾಕ್ ತಂಡಗಳಿಗೂ ಮೀಸಲು ಎಂಬಂತಿದ್ದ ಆ ಮೈದಾನದಲ್ಲಿ, ಸಿನಿಮಾ ತಾರೆಯ ಆಸರೆಯಿಲ್ಲದೆ, ಬರೀ ಕನ್ನಡ ಕವಿತೆಗಳನ್ನು ಕೇಳಲು ಜನ ಬಂದಾರೆಯೇ ಎಂಬ ಅನುಮಾನ ಸಹಜವಾಗಿತ್ತು.

ಜನ ಬಂದರು. ನೂರಲ್ಲ, ಸಾವಿರವಲ್ಲ; ಲಕ್ಷ ಮೀರಿತ್ತು ಎಂದು ಲೆಕ್ಕ ಹಾಕಲಾಯಿತು. ಅರವತ್ತೈದರ ಗಾಯಕ ನಡುವೆ ನಿಂತು ಕೈಯೆತ್ತಿ ತಾಳ ಹಾಕಿದರೆ ಮೈದಾನ ದನಿಗೂಡಿಸಿತು. ಕ್ಯಾಸೆಟ್ಟಿನ ಕಾಲದಲ್ಲಿ ಮನೆಮನೆಗಳಲ್ಲಿ ಚದುರಿ ಕುಳಿತಿದ್ದ ಕೇಳುಗರು ಒಂದೇ ಕಡೆ ಕಣ್ಣಿಗೆ ಕಂಡದ್ದು ಅಂದು. ತಮ್ಮಂಥವರು ಇಷ್ಟು ಮಂದಿ ಇದ್ದಾರೆ ಎಂಬುದು ಕೇಳುಗರಿಗೂ ಅಂದೇ ತಿಳಿಯಿತು. ಆನಂತರವೂ ಅದೇ ಹೆಸರಿನಲ್ಲಿ ಕಾರ್ಯಕ್ರಮಗಳು ನಡೆದವು. ಅಶ್ವತ್ಥ್ ಮತ್ತೆ ಬೇಡಿಕೆಯ ಗಾಯಕರಾದರು. ಅವರ ಹಳೆಯ ಧ್ವನಿಸುರುಳಿಗಳನ್ನು ಹೊಸ ತಲೆಮಾರು ಹುಡುಕತೊಡಗಿತು.

ಎಲ್ಲರೂ ಇದನ್ನು ಮೆಚ್ಚಿದರೆಂದಲ್ಲ. ಭಾವಗೀತೆ ಹತ್ತಿರ ಕುಳಿತು ಕೇಳುವ ಕಲೆ. ಒಂದು ತಂಬೂರಿ, ಒಂದು ತಬಲಾ, ಒಂದು ಹಾರ್ಮೋನಿಯಂ ಅದಕ್ಕೆ ಸಾಕು. ಮೈದಾನದ ಅಬ್ಬರದಲ್ಲಿ ಕವಿತೆಯ ಸೂಕ್ಷ್ಮ ಕಳೆದುಹೋಗುತ್ತದೆ ಎಂಬುದು ರಸಿಕರ ಒಂದು ವರ್ಗದ ಆಕ್ಷೇಪವಾಗಿತ್ತು. ಅದರಲ್ಲಿ ಹುರುಳಿಲ್ಲದಿಲ್ಲ. ಪಿಸುಮಾತಿನ ಪದ್ಯವನ್ನು ಧ್ವನಿವರ್ಧಕದ ಗೋಪುರಗಳಿಂದ ಹೇಳಿಸಿದರೆ ಅದು ಬೇರೆಯೇ ಪದ್ಯವಾಗುತ್ತದೆ. ಆದರೆ ಮತ್ತೊಂದು ಮಗ್ಗುಲೂ ಇದೆ. ಶರೀಫರ ಪದ ಹುಟ್ಟಿದ್ದೇ ಬಯಲಿನಲ್ಲಿ. ಕವಿತೆಯನ್ನು ಕೆಲವು ನೂರು ಕುರ್ಚಿಗಳ ಭದ್ರತೆಯಲ್ಲಿ ಕಾಪಾಡಿಕೊಳ್ಳುವುದೋ, ಅಥವಾ ಒಂದಿಷ್ಟು ಸೂಕ್ಷ್ಮವನ್ನು ತೆತ್ತು ಜನರ ನಡುವೆ ಬಿಡುವುದೋ ಎಂಬ ಪ್ರಶ್ನೆಗೆ ಅಶ್ವತ್ಥ್ ಎರಡನೆಯದನ್ನು ಉತ್ತರವಾಗಿ ಆರಿಸಿಕೊಂಡರು. ನಾಟಕದ ಕೊನೆಯ ಸಾಲಿನವನಿಗೂ ಮಾತು ಕೇಳಿಸಬೇಕು ಎಂದು ಕಲಿತವರು ಬೇರೆ ಉತ್ತರ ಕೊಡುವಂತಿರಲಿಲ್ಲ.

ನಾಡಗೀತೆಯ ಧಾಟಿ

ಈ ಎರಡು ದಾರಿಗಳ ಭಿನ್ನತೆ ನಾಡಗೀತೆಯ ವಿಷಯದಲ್ಲಿ ಸಾರ್ವಜನಿಕ ಚರ್ಚೆಯಾಯಿತು. 2004ರ ಜನವರಿಯಲ್ಲಿ ಕುವೆಂಪು ಅವರ ಗೀತೆ ಅಧಿಕೃತ ನಾಡಗೀತೆಯಾಯಿತು. ಆದರೆ ಯಾವ ಧಾಟಿಯಲ್ಲಿ ಹಾಡಬೇಕು ಎಂಬುದು ಇತ್ಯರ್ಥವಾಗಲಿಲ್ಲ. ಅನಂತಸ್ವಾಮಿಯವರದೊಂದು ಧಾಟಿ, ಅಶ್ವತ್ಥ್ ಅವರದೊಂದು ಧಾಟಿ. ಸಮಿತಿಗಳು ಬಂದವು, ವರದಿಗಳು ಬಂದವು, ವರ್ಷಗಳು ಉರುಳಿದವು. ಇಬ್ಬರೂ ಕಣ್ಮರೆಯಾದ ಎಷ್ಟೋ ವರ್ಷಗಳ ಮೇಲೆ, 2022ರ ಸೆಪ್ಟೆಂಬರಿನಲ್ಲಿ, ರಾಜ್ಯ ಸರ್ಕಾರ ಅನಂತಸ್ವಾಮಿಯವರ ಧಾಟಿಯನ್ನು 2 ನಿಮಿಷ 30 ಸೆಕೆಂಡುಗಳ ಅವಧಿಯೊಂದಿಗೆ ಅಂಗೀಕರಿಸಿತು. ಅದನ್ನು ಪ್ರಶ್ನಿಸಿ ಗಾಯಕ ಕಿಕ್ಕೇರಿ ಕೃಷ್ಣಮೂರ್ತಿ ಹೈಕೋರ್ಟ್ ಮೆಟ್ಟಿಲೇರಿದರು. 2024ರಲ್ಲಿ ಆ ಅರ್ಜಿ ವಜಾಗೊಂಡಿತು.

ಶಾಲೆಯ ಅಂಗಳದಲ್ಲಿ, ಸರ್ಕಾರಿ ಸಮಾರಂಭದಲ್ಲಿ ಹಾಡುವ ಧಾಟಿ ಈಗ ನಿಗದಿಯಾಗಿದೆ. ಅಶ್ವತ್ಥ್ ಅವರ ಧಾಟಿಗೆ ಆ ಗೌರವ ದಕ್ಕಲಿಲ್ಲ. ಆದರೆ ಆದೇಶದ ಬಲವಿಲ್ಲದೆಯೇ ಉಳಿದುಕೊಂಡಿರುವ ಅವರ ಇತರ ಹಾಡುಗಳನ್ನು ನೋಡಿದರೆ, ಆ ನಷ್ಟ ಅವರ ಹೆಸರನ್ನು ಕುಗ್ಗಿಸಿತೆಂದು ಹೇಳಲಾಗದು.

ಹುಟ್ಟಿದ ದಿನವೇ ಕೊನೆಯ ದಿನ

ಮರುಹುಟ್ಟಿನ ಆ ಬೆಳಕು ಹೆಚ್ಚು ಕಾಲ ಉಳಿಯಲಿಲ್ಲ. ಜೋಡಿ ಹೆಸರಿನ ಗೆಳೆಯ ವೈದ್ಯನಾಥನ್ 2007ರಲ್ಲಿ ತೀರಿಕೊಂಡರು. ಅನಾರೋಗ್ಯಕ್ಕೆ ಒಳಗಾದ ಅಶ್ವತ್ಥ್ 2009ರ ಡಿಸೆಂಬರ್ 29ರಂದು ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಕೊನೆಯುಸಿರೆಳೆದರು. ಅಂದು ಅವರ ಎಪ್ಪತ್ತನೆಯ ಹುಟ್ಟುಹಬ್ಬ. ಅರಮನೆ ಮೈದಾನದ ಆ ಸಂಜೆಗೂ ಈ ದಿನಕ್ಕೂ ನಡುವೆ ಐದು ವರ್ಷವೂ ಪೂರ್ತಿಯಾಗಿರಲಿಲ್ಲ.

ಮರುದಿನ, ಡಿಸೆಂಬರ್ 30ರ ಬೆಳಗ್ಗೆ, ನಟ ವಿಷ್ಣುವರ್ಧನ್ ಮೈಸೂರಿನಲ್ಲಿ ನಿಧನರಾದರು. ರಾಜ್ಯವೇ ಆ ಆಘಾತದಲ್ಲಿ ಮುಳುಗಿತು. ಒಂದು ದಿನದ ಹಿಂದಿನ ದುಃಖ ಪತ್ರಿಕೆಗಳ ಒಳಪುಟಕ್ಕೆ ಸರಿಯಿತು. ಗಾಯಕನಿಗಾಗಿ ನಾಡು ಅತ್ತು ಮುಗಿಸುವಷ್ಟರಲ್ಲಿ ಇನ್ನೊಂದು ಸಾವು ಅಡ್ಡ ಬಂದಿತ್ತು. ಹೀಗಾಗಿ ಅಶ್ವತ್ಥ್ ಅವರಿಗೆ ಸಲ್ಲಬೇಕಿದ್ದ ಬೀಳ್ಕೊಡುಗೆ ಅರ್ಧಕ್ಕೇ ನಿಂತಿತೆಂಬ ಕೊರಗು ಅವರ ಅಭಿಮಾನಿಗಳಲ್ಲಿ ಉಳಿಯಿತು.

ಅವರು ಬಾಳೆಲ್ಲ ಹಾಡಿದ ಶರೀಫರು ಬದುಕಿದ್ದೂ ಸುಮಾರು ಎಪ್ಪತ್ತು ವರ್ಷವೇ. ಶರೀಫರ ಪದಗಳು ಅವರ ಕಾಲಾನಂತರ ಅಚ್ಚಿನ ಹಂಗಿಲ್ಲದೆ ಭಜನಾ ಮೇಳಗಳ ಬಾಯಲ್ಲಿ ಉಳಿದವು. ಅಶ್ವತ್ಥ್ ಅವರ ಹಾಡುಗಳ ಪಾಡೂ ಬಹುತೇಕ ಹಾಗೆಯೇ ಆಗಿದೆ. ಕ್ಯಾಸೆಟ್ಟು ಹೋಯಿತು, ಸಿ.ಡಿ. ಹೋಯಿತು, ಮೊಬೈಲು ಬಂತು; ಹಾಡು ಮಾತ್ರ ಒಂದರಿಂದ ಒಂದಕ್ಕೆ ದಾಟುತ್ತಲೇ ಬಂತು. ಕೃಷ್ಣರಾಜಪೇಟೆಯ ಹಾದಿಯಲ್ಲಿ ಓಡುವ ಬಸ್ಸೊಂದರಲ್ಲಿ 'ಮೈಸೂರ ಮಲ್ಲಿಗೆ'ಯ ಹಾಡು ಕೇಳಿಬಂದರೆ, ಕಿಟಕಿಯಾಚೆ ಕಿಕ್ಕೇರಿ ಸರಿದುಹೋಗುತ್ತದೆ, ಚನ್ನರಾಯಪಟ್ಟಣ ಹತ್ತಿರವಾಗುತ್ತದೆ. ಕವಿಯ ಊರಿನಿಂದ ಗಾಯಕನ ಊರಿಗೆ ಇರುವ ಆ ಅಷ್ಟು ದೂರವನ್ನು ಒಂದೆರಡು ಹಾಡುಗಳಲ್ಲೇ ಕ್ರಮಿಸಬಹುದು.